ಸ್ವಲ್ಪ ಜೋರಾಗಿ ಹೇಳಮ್ಮ

ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ನಮ್ಮೂರು ಮೊದಲ ಸಲ ಟಿ.ವಿ.ಯಲ್ಲಿ ಬಂತು. ಒಳ್ಳೆ ಸುದ್ದಿಗೇನೂ ಅಲ್ಲ. ತಿಪಟೂರು ಕಡೆಯ ಸಣ್ಣ ಊರು ನಮ್ದು. ತೆಂಗಿನಕಾಯಿ, ಕೊಬ್ಬರಿ, ಎರಡು ಹಸು, ಇಷ್ಟರಲ್ಲೇ ಜೀವನ. ಕೊಬ್ಬರಿ ದುಡ್ಡು ಗಂಡಸರ ಕೈಗೆ, ಹಾಲಿನ ದುಡ್ಡು ಹೆಂಗಸರ ಕೈಗೆ. ಆ ಹಾಲಿನ ದುಡ್ಡಿನ ಮೇಲೆ ಒಂದು ಚೀಟಿ ಕಂಪನಿಯ ಕಣ್ಣು ಬಿದ್ದಿತ್ತು. ಏಜೆಂಟು ನಮ್ಮೂರಿನವನೇ, ಸ್ಕೂಲಿನ ಹಿಂದಿನ ಬೀದಿಯವನು. ತಿಂಗಳಿಗೆ ಇನ್ನೂರು ಮುನ್ನೂರು ಅಂತ ಮನೆಮನೆಗೆ ಬಂದು ಕಟ್ಟಿಸಿಕೊಂಡು ಹೋಗ್ತಿದ್ದ. ಒಂದು ದಿನ ಪೇಟೆಯಲ್ಲಿದ್ದ ಕಂಪನಿ ಆಫೀಸಿಗೆ ಬೀಗ ಬಿತ್ತು. ಮಾಲೀಕರು ಎಲ್ಲಿಗೆ ಹೋದರೋ. ಸಿಕ್ಕಿದವನು ಇವನೊಬ್ಬನೇ, ಯಾಕೆಂದರೆ ಇವನ ಮನೆ ಎಲ್ಲರಿಗೂ ಗೊತ್ತಿತ್ತು.

ಪೊಲೀಸ್ ಕಂಪ್ಲೇಂಟ್ ಆದ ಎರಡು ದಿನಕ್ಕೆ ಒಂದು ಚಾನೆಲ್ಲಿನವರು ಇವನನ್ನೂ, ನಮ್ಮೂರಿನ ಏಳೆಂಟು ಹೆಂಗಸರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ ಸ್ಟುಡಿಯೋದಲ್ಲಿ ಎದುರುಬದುರು ಕೂರಿಸಿದರು. ಆ ಹೆಂಗಸರಲ್ಲಿ ನಮ್ಮ ಚಿಕ್ಕಮ್ಮನೂ ಒಬ್ಬಳು. ನಾನು ದೀಪಾವಳಿ ರಜೆಗೆ ಊರಿಗೆ ಬಂದಿದ್ದೆ. ಬೀದಿಯವರೆಲ್ಲ ನಮ್ಮನೆ ಪಡಸಾಲೆಯಲ್ಲಿ ಸೇರಿದ್ದರು. ನಿರೂಪಕ ಒಂದು ಪ್ರಶ್ನೆ ಕೇಳೋದು, ಏಜೆಂಟು ಬಾಯಿ ಬಿಡೋದು, ಅಷ್ಟರಲ್ಲಿ ಇನ್ನೊಂದು ಪ್ರಶ್ನೆ. "ನಾನೂ ನಮ್ಮ ತಾಯಿ ಹೆಸರಲ್ಲಿ ಕಟ್ಟಿದ್ದೀನಿ ಸಾರ್" ಅಂತ ಅವನು ಎರಡು ಸಲ ಹೇಳಲು ಹೋದ. ಎರಡೂ ಸಲ ಪೂರ್ತಿಯಾಗಲಿಲ್ಲ. ನಮಗೆ ಭಾರೀ ಖುಷಿ. ನಾನಂತೂ ಶಿಳ್ಳೆ ಹೊಡೆದೆ. ಆಮೇಲೆ ನಿರೂಪಕ ಚಿಕ್ಕಮ್ಮನ ಕಡೆ ತಿರುಗಿದ.

"ನಿಂದೆಷ್ಟು ಹೋಯ್ತಮ್ಮ?"

ಚಿಕ್ಕಮ್ಮ ಏನೋ ಗೊಣಗಿದಳು.

"ಸ್ವಲ್ಪ ಜೋರಾಗಿ ಹೇಳಮ್ಮ. ಇಡೀ ಕರ್ನಾಟಕ ನೋಡ್ತಿದೆ."

"ಐವತ್ತು ಸಾವಿರ!" ಅಂದಳು ಚಿಕ್ಕಮ್ಮ. ಪಡಸಾಲೆಯಲ್ಲಿ ಎಲ್ಲರೂ ಛೇ ಛೇ ಅಂದರು. ಅಮ್ಮ ಮಾತ್ರ ನನ್ನ ಮುಖ ನೋಡಿದಳು. ಹಿಂದಿನ ದಿನವಷ್ಟೇ ಚಿಕ್ಕಮ್ಮನ ಪಾಸ್‌ಬುಕ್ಕನ್ನು ಕೂಡಿಸಿ ಕೊಟ್ಟವನು ನಾನೇ. ಒಟ್ಟು 18,600 ರೂಪಾಯಿ.

ಇದು ಇಷ್ಟು ವರ್ಷ ತಲೆಯ ಯಾವುದೋ ಮೂಲೆಯಲ್ಲಿ ಬಿದ್ದಿತ್ತು. ಮತ್ತೆ ಎದ್ದು ಬಂದದ್ದು ಆಫೀಸಿನಲ್ಲಿ. ನಾನು ಕೆಲಸ ಮಾಡೋದು ಬ್ರಿಟನ್ನಿನ ವಾಹನ ವಿಮೆಗೆ ಸಂಬಂಧಪಟ್ಟ ಪ್ರಾಜೆಕ್ಟಿನಲ್ಲಿ. ಶುರುವಿನಲ್ಲಿ ನಮಗೆಲ್ಲ ಆ ದೇಶದ ವಿಮೆಯ ನಿಯಮಗಳ ಬಗ್ಗೆ ಎರಡು ದಿನ ಪಾಠ ಇತ್ತು. ವಿಮಾ ಕಂಪನಿಯೇ ಮುಳುಗಿದರೆ ಗ್ರಾಹಕನ ಗತಿ ಏನು ಅನ್ನೋ ಸ್ಲೈಡ್ ಬಂದಾಗ ಪಾಠ ಮಾಡುತ್ತಿದ್ದವರು ಒಂದು ಹೆಸರು ಹೇಳಿದರು: ಎಮಿಲ್ ಸವುಂದ್ರ. ಎಲ್ಲೋ ನಮ್ಮ ಕಡೆಯ ಹೆಸರಿನಂತಿದೆಯಲ್ಲ ಅಂತ ರಾತ್ರಿ ಹುಡುಕಿದೆ. ಹುಡುಕುತ್ತಾ ಹೋದರೆ ನಮ್ಮನೆ ಪಡಸಾಲೆಗೇ ಬಂದು ನಿಂತೆ.

ಸವುಂದ್ರನ ಕಥೆಗೆ ಹೋಗುವ ಮುಂಚೆ ಒಂದು ಹತ್ತು ಹದಿನೈದು ವರ್ಷ ಹಿಂದೆ ಹೋಗಬೇಕು. ಟಿ.ವಿ.ಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿಕೊಂಡು ಗದರಿಸೋದು ಹುಟ್ಟಿನಿಂದ ಬಂದ ಪದ್ಧತಿಯಲ್ಲ. 1950ರ ದಶಕದ ಶುರುವಿನ ಬಿಬಿಸಿ ಸಂದರ್ಶನಗಳನ್ನು ನೋಡಿದರೆ ನಗು ಬರುತ್ತೆ. ಮಂತ್ರಿ ಬಂದರೆ ವರದಿಗಾರ ಕೈಕಟ್ಟಿ ನಿಂತು, "ತಾವು ದೇಶಕ್ಕೆ ಏನಾದರೂ ಹೇಳಲು ಇಚ್ಛಿಸುತ್ತೀರಾ?" ಅನ್ನುವ ಧಾಟಿಯಲ್ಲಿ ಕೇಳೋದು, ಅವರು "ಇಲ್ಲ" ಅಂದರೆ ಥ್ಯಾಂಕ್ಸ್ ಹೇಳಿ ಮುಗಿಸೋದು. ನಮ್ಮೂರಿಗೆ ಅಮಲ್ದಾರರು ಬಂದಾಗ ಶಾನುಭೋಗರು ನಿಲ್ಲುತ್ತಿದ್ದ ರೀತಿ ಅಂತ ತಾತ ಹೇಳ್ತಿದ್ದರಲ್ಲ, ಹಾಗೆ. ಜೊತೆಗೆ ಹದಿನಾಲ್ಕು ದಿನದ ನಿಯಮ ಅಂತ ಒಂದಿತ್ತು. ಮುಂದಿನ 14 ದಿನದಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬರುವ ವಿಷಯವನ್ನು ರೇಡಿಯೋ, ಟಿ.ವಿ.ಯವರು ಚರ್ಚಿಸುವಂತಿಲ್ಲ. ದೇಶದ ಜನ ಕಟ್ಟೆಯ ಮೇಲೆ ಕೂತು ಮಾತಾಡಬಹುದು, ಪೇಪರಿನವರು ಬರೆಯಬಹುದು, ಟಿ.ವಿ. ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಈ ವಿಚಿತ್ರ ನಿಯಮ ಅಮಾನತಿಗೆ ಹೋದದ್ದು 1956ರ ಕೊನೆಗೆ, ಸೂಯೆಜ್ ಗಲಾಟೆ ಆದಮೇಲೆ.

ಅಷ್ಟರಲ್ಲಿ 1955ರ ಸೆಪ್ಟೆಂಬರಿನಲ್ಲಿ ಖಾಸಗಿ ಟಿ.ವಿ., ಅಂದರೆ ಐಟಿವಿ, ಶುರುವಾಗಿತ್ತು. ಅದರ ಸುದ್ದಿ ವಿಭಾಗಕ್ಕೆ ಸೇರಿದವರಲ್ಲಿ ರಾಬಿನ್ ಡೇ ಅನ್ನೋ ಯುವಕ ಒಬ್ಬ. ಓದಿದ್ದು ವಕೀಲಿಕೆ. ಕೋರ್ಟಿನಲ್ಲಿ ಸಾಕ್ಷಿಯನ್ನು ಪಾಟಿಸವಾಲು ಮಾಡುವ ಕ್ರಮವನ್ನೇ ಈತ ಟಿ.ವಿ.ಗೆ ತಂದ. 1958ರ ಫೆಬ್ರವರಿಯಲ್ಲಿ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್‌ರನ್ನು ಕೂರಿಸಿಕೊಂಡು, ನಿಮ್ಮ ವಿದೇಶಾಂಗ ಮಂತ್ರಿಯ ಬಗ್ಗೆ ಇಷ್ಟು ಟೀಕೆ ಬರುತ್ತಿದೆಯಲ್ಲ, ನಿಮಗೇನನ್ನಿಸುತ್ತೆ ಅಂತ ಮುಖಕ್ಕೆ ಮುಖ ಕೊಟ್ಟು ಕೇಳಿದ. ಈಗ ಇದೇನು ಮಹಾ ಅನ್ನಿಸುತ್ತೆ. ಆಗ ಪೇಪರುಗಳಲ್ಲಿ ದೊಡ್ಡ ಜಗಳವೇ ನಡೆಯಿತು, ಪ್ರಧಾನಿಯನ್ನು ಹೀಗೆಲ್ಲ ಕೇಳಬಹುದಾ ಅಂತ. ಕೇಳಬಹುದು ಅಂತ ತೀರ್ಮಾನವಾಯಿತು. ಒಳ್ಳೆಯದೇ ಆಯಿತು ಅನ್ನುವವನು ನಾನು.

ಆದರೆ ಡೇ ಕೋರ್ಟಿನಿಂದ ತಂದದ್ದು ಪಾಟಿಸವಾಲನ್ನು ಮಾತ್ರ. ಕೋರ್ಟಿನಲ್ಲಿ ಪಾಟಿಸವಾಲಿನ ಜೊತೆಗೆ ಇನ್ನೂ ಕೆಲವು ಸಾಮಾನು ಇರುತ್ತವೆ. ಆರೋಪಿಯ ಪರವಾಗಿ ಒಬ್ಬ ವಕೀಲ, ಇದು ಕೇಳುವ ಪ್ರಶ್ನೆಯಲ್ಲ ಅಂತ ತಡೆಯುವ ಒಬ್ಬ ಜಡ್ಜು, ಸುಮ್ಮನಿರುವ ಹಕ್ಕು. ಅವೆಲ್ಲ ಅಲ್ಲೇ ಉಳಿದವು. ಎತ್ತನ್ನು ಹೊಡಕೊಂಡು ಬಂದು ಮೂಗುದಾರವನ್ನು ಕೊಟ್ಟಿಗೆಯಲ್ಲೇ ಬಿಟ್ಟಂತೆ. ಪ್ರಧಾನಿಯಂಥವನು ಎದುರಿಗೆ ಕೂತಾಗ ಇದು ಗೊತ್ತಾಗಲ್ಲ, ಅವನಿಗೆ ಅವನದೇ ಬಲ ಇರುತ್ತೆ. ಗೊತ್ತಾದದ್ದು ಸವುಂದ್ರ ಬಂದು ಕೂತಾಗ.

ಸವುಂದ್ರ ಹುಟ್ಟಿದ್ದು 1923ರಲ್ಲಿ, ಸಿಲೋನಿನಲ್ಲಿ. ಪೂರ್ತಿ ಹೆಸರು ಒಂದು ಸಾಲು ಉದ್ದ ಇದೆ, ಕೊನೆಯಲ್ಲಿ ಸವುಂದ್ರನಾಯಗಂ ಅಂತ. ಅದನ್ನು ಕತ್ತರಿಸಿ ಸವುಂದ್ರ ಮಾಡಿಕೊಂಡು, ಹಿಂದೆ ಒಂದು 'ಡಾಕ್ಟರ್' ಅಂಟಿಸಿಕೊಂಡಿದ್ದ. ಆಸಾಮಿ ಮೊದಲಿಂದಲೂ ಇಂಥವನೇ. 1954ರಲ್ಲಿ ಬೆಲ್ಜಿಯಂನಲ್ಲಿ ಅವನಿಗೆ ಶಿಕ್ಷೆಯಾಗಿತ್ತು. ಯಾವುದಕ್ಕೆ ಅಂದರೆ ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವಾಕ್ಕೆ ಅಕ್ಕಿ ಕಳಿಸುವ ವ್ಯವಹಾರಕ್ಕೆ. ಕಾಗದದಲ್ಲಿ ಹಡಗು ತುಂಬ ಅಕ್ಕಿ, ಹಡಗಿನಲ್ಲಿ ಒಂದು ಕಾಳೂ ಇಲ್ಲ. ನಮ್ಮ ಕಾರವಾರದ ಪಕ್ಕಕ್ಕೆ ಬರಬೇಕಾಗಿದ್ದ ಅಕ್ಕಿ ಅದು ಅಂತ ಓದಿದಾಗ ಸ್ವಲ್ಪ ಹತ್ತಿರದ ನೆಂಟನಂತೆ ಕಂಡ.

1963ರಲ್ಲಿ ಲಂಡನ್ನಿನಲ್ಲಿ 'ಫೈರ್, ಆಟೋ ಅಂಡ್ ಮರೀನ್' ಅಂತ ವಿಮಾ ಕಂಪನಿ ತೆರೆದ. ಹೊತ್ತು ಚೆನ್ನಾಗಿತ್ತು. ಬ್ರಿಟನ್ನಿನಲ್ಲಿ ಸಾಮಾನ್ಯ ಜನ ಕಾರು ಕೊಳ್ಳತೊಡಗಿದ್ದರು, ವಿಮೆ ಇಲ್ಲದೆ ರಸ್ತೆಗಿಳಿಯುವಂತಿಲ್ಲ. ಇವನು ಎಲ್ಲರಿಗಿಂತ ಕಮ್ಮಿ ಪ್ರೀಮಿಯಂ ಇಟ್ಟ. ಜನ ಮುಗಿಬಿದ್ದರು. ದುಡ್ಡು ಒಳಗೆ ಬರುತ್ತಾ ಇರುವಷ್ಟು ದಿನ ವಿಮಾ ಕಂಪನಿಗೆ ಏನೂ ಆಗಲ್ಲ. ಅಪಘಾತದ ಬಿಲ್ಲುಗಳು ಒಂದೆರಡು ವರ್ಷ ತಡವಾಗಿ ಬರುತ್ತವೆ. ಆ ಮಧ್ಯದ ದುಡ್ಡಿನಲ್ಲಿ ಸವುಂದ್ರ ದೊಡ್ಡ ಮನೆ, ದೊಡ್ಡ ಕಾರು, ಸಮುದ್ರದಲ್ಲಿ ಪವರ್‌ಬೋಟ್ ರೇಸು ಅಂತ ಮೆರೆದ. ಕಂಪನಿಯ ಆಸ್ತಿ ಅಂತ ಲೆಕ್ಕದಲ್ಲಿ ತೋರಿಸಿದ್ದ ಸೆಕ್ಯೂರಿಟಿ ಪತ್ರಗಳು ಖೋಟಾ. 1966ರ ಜೂನಿನಲ್ಲಿ ತನ್ನ ಪಾಲನ್ನು ಮಾರಿ ಕೈ ತೊಳೆದುಕೊಂಡ. ಜುಲೈನಲ್ಲಿ ಕಂಪನಿ ಕುಸಿಯಿತು. ಸುಮಾರು 4 ಲಕ್ಷ ವಾಹನ ಮಾಲೀಕರು ಒಂದೇ ದಿನಕ್ಕೆ ವಿಮೆಯಿಲ್ಲದವರಾದರು. ಅವರಿಗಿಂತ ಕಷ್ಟ ಅವರ ಕಾರುಗಳಿಗೆ ಸಿಕ್ಕಿ ಕೈಕಾಲು ಮುರಿದುಕೊಂಡವರದು, ಗಂಡನನ್ನು ಕಳೆದುಕೊಂಡವರದು. ಪರಿಹಾರ ಕೊಡಬೇಕಾಗಿದ್ದ ಕಂಪನಿಯೇ ಇಲ್ಲ.

ದೇಶ ಬಿಟ್ಟು ಹೋಗಿದ್ದ ಸವುಂದ್ರ 1967ರ ಶುರುವಿನಲ್ಲಿ ವಾಪಸ್ಸು ಬಂದ. ಬಂದವನು ಸುಮ್ಮನೆ ವಕೀಲರ ಹತ್ತಿರ ಹೋಗಿ ಕೂತಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಜಂಬ ಬಿಡಬೇಕಲ್ಲ. ಡೇವಿಡ್ ಫ್ರಾಸ್ಟ್ ಕರೆದಾಗ ಒಪ್ಪಿಕೊಂಡ. ಫ್ರಾಸ್ಟ್‌ಗೆ ಆಗಿನ್ನೂ 27 ವರ್ಷ. ಪಾದ್ರಿಯ ಮಗ. ರಾಜಕಾರಣಿಗಳನ್ನು ಗೇಲಿ ಮಾಡುವ ಹಾಸ್ಯ ಕಾರ್ಯಕ್ರಮದಿಂದ ಹೆಸರಾದವನು. ಅವನ 'ಫ್ರಾಸ್ಟ್ ಪ್ರೋಗ್ರಾಂ' ಐಟಿವಿಯಲ್ಲಿ ಸ್ಟುಡಿಯೋ ತುಂಬ ಜನರ ಮುಂದೆ ನಡೆಯುತ್ತಿತ್ತು.

1967ರ ಫೆಬ್ರವರಿ 3. ಸ್ಟುಡಿಯೋದ ಜನರ ಮಧ್ಯೆ ಕಂಪನಿಯಿಂದ ಮೋಸ ಹೋದವರನ್ನೇ ಕರೆಸಿ ಕೂರಿಸಿದ್ದರು. ಅಪಘಾತದಲ್ಲಿ ಗಂಡ ಸತ್ತ ಹೆಂಗಸರೂ ಇದ್ದರು. ಅವರೆಲ್ಲರ ಮುಂದೆ ಸವುಂದ್ರ ಕೂತು, ನಾನು ಈ ಹಳ್ಳಿಗಮಾರರ ಜೊತೆ ಕತ್ತಿವರಸೆಗೆ ಬಂದಿಲ್ಲ, ಇಂಗ್ಲೆಂಡಿನ ಅತಿದೊಡ್ಡ ಕತ್ತಿವರಸೆಗಾರನ ಜೊತೆ ಬಂದಿದ್ದೇನೆ ಅಂದ. ಕತ್ತಿವರಸೆಗಾರ ಅಂದರೆ ಫ್ರಾಸ್ಟ್. ಹಳ್ಳಿಗಮಾರರು ಅಂದರೆ ಆ ವಿಧವೆಯರು. ಜನ ಕೂಗಿದರು. ನಿಮಗೆ ನೈತಿಕ ಹೊಣೆ ಇಲ್ಲವಾ ಅಂತ ಫ್ರಾಸ್ಟ್ ಕೇಳಿದ. ಕಂಪನಿ ಮಾರಿದ ದಿನಕ್ಕೇ ಕಾನೂನಿನ ಹೊಣೆಯೂ ಹೋಯಿತು, ನೈತಿಕ ಹೊಣೆಯೂ ಹೋಯಿತು ಅನ್ನುವ ಅರ್ಥದ ಉತ್ತರ ಬಂತು. ಫ್ರಾಸ್ಟ್ ಬಿಡಲಿಲ್ಲ. ಒಬ್ಬೊಬ್ಬರ ಕಥೆಯನ್ನೂ ಎತ್ತಿ ಮುಖಕ್ಕೆ ಹಿಡಿದ. ಹೋಗ್ತಾ ಹೋಗ್ತಾ ಅವನ ದನಿಯೇ ಬದಲಾಯಿತು, ಸಂದರ್ಶಕ ಹೋಗಿ ಸರ್ಕಾರಿ ವಕೀಲ ಬಂದು ಕೂತ. ಕೊನೆಗೆ ಎಂದಿನಂತೆ ನಗುತ್ತಾ ಬೀಳ್ಕೊಡುವುದನ್ನೂ ಬಿಟ್ಟು, ಅಸಹ್ಯದಿಂದ ಎದ್ದು ನಡೆದುಬಿಟ್ಟ.

ಇದರ ತುಣುಕುಗಳನ್ನು ನೋಡುವಾಗ ನನ್ನ ಮೈ ಬಿಸಿಯಾಯಿತು ಅಂತ ಒಪ್ಪಿಕೊಳ್ಳಬೇಕು. ಈಗಲೂ ಶಿಳ್ಳೆ ಹೊಡೆಯಬೇಕು ಅನ್ನಿಸುತ್ತೆ. ಆ ಮನುಷ್ಯ ಕಳ್ಳ, ಕಳ್ಳ ಮಾತ್ರ ಅಲ್ಲ, ಕದ್ದು ಅಣಕಿಸುವವನು. ಅವನ ಪರವಾಗಿ ಒಂದು ಮಾತು ಹೇಳಲು ಬಾಯಿ ಬರಲ್ಲ. ಎರಡನೇ ಸಲ ನೋಡಿದಾಗ ಮಾತ್ರ ಇನ್ನೊಂದು ಕಂಡಿತು. ಆ ಕುರ್ಚಿಯಲ್ಲಿ ಕೂತವನು ಕಂದು ಚರ್ಮದವನು. 1967ರ ಇಂಗ್ಲೆಂಡು ಅದು, ವಲಸೆ ಬಂದ ಕರಿಯರು, ಕಂದು ಜನ ಅಂದರೆ ಮೂಗು ಮುರಿಯುವವರು ಬೀದಿಗೊಬ್ಬರು ಇದ್ದ ಕಾಲ. ಕೂಗಿದವರಲ್ಲಿ ಎಷ್ಟು ಜನ ಮೋಸಗಾರನ ಮೇಲೆ ಕೂಗಿದರು, ಎಷ್ಟು ಜನ ಹೊರಗಿನವನ ಮೇಲೆ ಕೂಗಿದರು? ತಕ್ಕಡಿಗೆ ಹಾಕಿ ನೋಡಲಾಗುವುದಿಲ್ಲ. ಕೋರ್ಟಿನಲ್ಲಿ ಜೂರಿಯನ್ನು ಆರಿಸುವಾಗ ಸಾಕ್ಷಿದಾರರನ್ನೇ ಜೂರಿಯಾಗಿ ಕೂರಿಸಲ್ಲ. ಸ್ಟುಡಿಯೋದಲ್ಲಿ ಅವರೇ ಸಾಕ್ಷಿ, ಅವರೇ ಜೂರಿ, ಚಪ್ಪಾಳೆಯೇ ತೀರ್ಪು.

ಕಾರ್ಯಕ್ರಮ ಆದ ಸುಮಾರು ಒಂದು ವಾರಕ್ಕೆ ಸವುಂದ್ರನ ಬಂಧನವಾಯಿತು. ಫ್ರಾಸ್ಟೇ ಹಿಡಿದುಕೊಟ್ಟ ಅಂತ ಜನ ತಿಳಿದರು. ಐಟಿವಿಯ ಮೇಲಿನವರಿಗೆ ಮಾತ್ರ ಒಳಗೊಳಗೇ ಪುಕಪುಕ. ಮುಂದೆ ನಡೆಯುವ ವಿಚಾರಣೆಗೆ ಇದು ತೊಡಕಾದರೆ?

ಆಗಿಯೇ ಬಿಡುತ್ತಿತ್ತು. 1968ರ ಮಾರ್ಚಿನಲ್ಲಿ ಲಂಡನ್ನಿನ ಓಲ್ಡ್ ಬೈಲಿ ಕೋರ್ಟು ಸವುಂದ್ರನಿಗೆ 8 ವರ್ಷ ಜೈಲು, 50,000 ಪೌಂಡ್ ದಂಡ ವಿಧಿಸಿತು. ಅವನು ಮೇಲಿನ ಕೋರ್ಟಿಗೆ ಹೋದ. ಅಪೀಲಿಗೆ ಕೊಟ್ಟ ಕಾರಣಗಳಲ್ಲಿ ಒಂದು ಏನು ಗೊತ್ತಾ? ಅದೇ ಟಿ.ವಿ. ಕಾರ್ಯಕ್ರಮ. ಕೋಟ್ಯಂತರ ಜನರ ಮುಂದೆ ನನ್ನನ್ನು ಅಪರಾಧಿ ಮಾಡಿ ಆಗಿತ್ತು, ಆಮೇಲೆ ಯಾವ ಜೂರಿ ನನ್ನ ಮಾತು ಕೇಳುತ್ತೆ ಅಂತ. ಕುರ್ಚಿಯಲ್ಲಿ ಕೂತು ಬೈಸಿಕೊಂಡದ್ದನ್ನೇ ಬಾಗಿಲಾಗಿ ಮಾಡಿಕೊಂಡು ಹೊರಗೆ ನುಸುಳಲು ನೋಡಿದ. ವಿಧವೆಯರ ಪರವಾಗಿ ಅಂತ ಫ್ರಾಸ್ಟ್ ಮಾಡಿದ ಕೆಲಸ ಕೊನೆಗೆ ಸವುಂದ್ರನ ವಕೀಲರ ಫೈಲಿಗೆ ಹೋಗಿ ಸೇರಿತ್ತು.

ಅಪೀಲು ವಜಾ ಆಯಿತು. ಕಾರ್ಯಕ್ರಮಕ್ಕೂ ವಿಚಾರಣೆಗೂ ಹೆಚ್ಚುಕಡಿಮೆ ಹನ್ನೊಂದು ತಿಂಗಳ ಅಂತರ ಇದೆ, ಅವನ ವಿರುದ್ಧದ ಸಾಕ್ಷ್ಯ ಬೆಟ್ಟದಷ್ಟಿದೆ ಅಂದರು ಜಡ್ಜುಗಳು. ಆದರೆ ಲಾರ್ಡ್ ಜಸ್ಟಿಸ್ ಸಾಮನ್ ಟಿ.ವಿ.ಯವರನ್ನು ಸುಮ್ಮನೆ ಬಿಡಲಿಲ್ಲ. ಆ ಮನುಷ್ಯ ಬಂಧನಕ್ಕೆ ಒಳಗಾಗುತ್ತಾನೆ ಅನ್ನೋದು ಆ ಹೊತ್ತಿಗೆ ಯಾರಿಗಾದರೂ ಗೊತ್ತಾಗುವಂತಿತ್ತು. ಗೊತ್ತಿದ್ದೂ ಅವನ ಅಪರಾಧವನ್ನು ಸಾಬೀತು ಮಾಡುವುದಕ್ಕೇ ಸಂದರ್ಶನ ಮಾಡಿದ್ದೀರಿ. ಟೆಲಿವಿಷನ್ ವಿಚಾರಣೆಯನ್ನು ನಾಗರಿಕ ಸಮಾಜ ಸಹಿಸಬಾರದು ಅಂತ ತೀರ್ಪಿನಲ್ಲೇ ಬರೆದರು. ಅವನ ಮೇಲಿನ ಕನಿಕರಕ್ಕೆ ಬರೆದದ್ದಲ್ಲ ಇದು. ಅಂತರ ಹನ್ನೊಂದು ತಿಂಗಳ ಬದಲು ಎರಡು ತಿಂಗಳು ಇದ್ದಿದ್ದರೆ, ಸಾಕ್ಷ್ಯ ಇಷ್ಟು ಗಟ್ಟಿ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿ.

ಈ ತೀರ್ಪಿನ ಗುಂಗು ಬ್ರಿಟನ್ನನ್ನು ಬಹಳ ವರ್ಷ ಕಾಡಿತು. ಹಳೇ ಕಾನೂನಿನಲ್ಲಿ ವಿಚಾರಣೆ 'ಸಮೀಪಿಸಿದೆ' ಅನ್ನುವಂತಿದ್ದರೆ ಮಾಧ್ಯಮದವರು ಹುಷಾರಾಗಿರಬೇಕು ಅಂತಿತ್ತು. ಸಮೀಪ ಅಂದರೆ ಎಷ್ಟು ಸಮೀಪ? ನಮ್ಮ ಆಫೀಸಿನಲ್ಲಿ ಯಾರಾದರೂ ಹೀಗೆ ಬರೆದು ಕೊಟ್ಟರೆ ಟೆಸ್ಟರುಗಳು ವಾಪಸ್ಸು ಕಳಿಸುತ್ತಾರೆ. 1981ರ ನ್ಯಾಯಾಂಗ ನಿಂದನೆ ಕಾಯ್ದೆ ಇದಕ್ಕೊಂದು ಗೆರೆ ಎಳೆಯಿತು. ಬಂಧನವಾದ ಕ್ಷಣದಿಂದ ಅಥವಾ ವಾರಂಟ್ ಹೊರಟ ಕ್ಷಣದಿಂದ ಕೇಸು 'ಚಾಲ್ತಿ'ಯಲ್ಲಿದೆ. ಅಲ್ಲಿಂದ ಮುಂದೆ ವಿಚಾರಣೆಗೆ ಗಂಭೀರ ಧಕ್ಕೆ ತರುವಂಥದ್ದನ್ನು ಪ್ರಸಾರ ಮಾಡಿದರೆ ಚಾನೆಲ್ಲಿನವರು ತಾವೇ ಕಟಕಟೆ ಹತ್ತಬೇಕು. ಹೌದು ಇಲ್ಲ ಅಂತ ಎರಡೇ ಉತ್ತರ ಬರುವ ನಿಯಮ.

ಹಾಗಾದರೆ ಟಿ.ವಿ.ಯಲ್ಲಿ ಯಾರನ್ನೂ ಗಟ್ಟಿಯಾಗಿ ಕೇಳಲೇಬಾರದಾ? ಇದಕ್ಕೆ ಉತ್ತರ ಕೊಟ್ಟವನೂ ಫ್ರಾಸ್ಟೇ ಅನ್ನೋದು ನನಗೆ ಈ ಕಥೆಯಲ್ಲಿ ತುಂಬ ಹಿಡಿಸಿದ ಭಾಗ. ಹತ್ತು ವರ್ಷದ ನಂತರ, 1977ರಲ್ಲಿ, ಅವನ ಎದುರಿಗೆ ಬಂದು ಕೂತದ್ದು ರಿಚರ್ಡ್ ನಿಕ್ಸನ್. ವಾಟರ್‌ಗೇಟ್ ಹಗರಣದಲ್ಲಿ 1974ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಪದವಿ ಬಿಟ್ಟವನು. ಮರುತಿಂಗಳೇ ಹೊಸ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವನಿಗೆ ಪೂರ್ತಿ ಕ್ಷಮಾದಾನ ಕೊಟ್ಟುಬಿಟ್ಟಿದ್ದ. ಅಂದರೆ ನಿಕ್ಸನ್‌ನನ್ನು ಆ ಅಪರಾಧಗಳಿಗಾಗಿ ಇನ್ಯಾವ ಕೋರ್ಟೂ ಕೂರಿಸಿ ಕೇಳುವಂತಿಲ್ಲ. ಫ್ರಾಸ್ಟ್ ಅವನಿಗೆ 6 ಲಕ್ಷ ಡಾಲರ್ ಜೊತೆಗೆ ಲಾಭದಲ್ಲಿ ಪಾಲು ಕೊಡುವ ಒಪ್ಪಂದ ಮಾಡಿಕೊಂಡ. ದುಡ್ಡು ಕೊಟ್ಟು ಸಂದರ್ಶನ ಮಾಡೋದಾ ಅಂತ ಅಮೆರಿಕದ ದೊಡ್ಡ ನೆಟ್‌ವರ್ಕುಗಳೆಲ್ಲ ಮುಖ ತಿರುಗಿಸಿದವು. ಇವನು ಸ್ಟೇಷನ್ನುಗಳನ್ನು ಒಂದೊಂದಾಗಿ ಹಿಡಿದು ತನ್ನದೇ ಜಾಲ ಕಟ್ಟಿದ. ದುಡ್ಡಿನ ವಿಷಯ ನನಗೂ ಸರಿಬರಲ್ಲ. ಅದು ಬೇರೆ ಮಾತು.

ಆದರೆ ಉಳಿದದ್ದನ್ನು ನೋಡಿ. ಒಂದು ಸಂಜೆಯಲ್ಲ, ಸುಮಾರು 28 ಗಂಟೆಯಷ್ಟು ರೆಕಾರ್ಡಿಂಗ್. ಕೂಗುವ ಜನ ಇಲ್ಲ, ಎರಡು ಕುರ್ಚಿ ಮಾತ್ರ. ನಿಕ್ಸನ್ ತಾನೂ ವಕೀಲಿಕೆ ಓದಿದವನು, ಪ್ರಶ್ನೆಗಳನ್ನು ಸುತ್ತಿ ಬಳಸಿ ಮಾತಾಡಲು ಬೇಕಾದಷ್ಟು ಸಮಯ ಸಿಕ್ಕಿತು. ಪ್ರಶ್ನೆ ಮೊದಲೇ ತೋರಿಸುವುದಿಲ್ಲ, ಎಡಿಟಿಂಗ್‌ನಲ್ಲಿ ನಿಮ್ಮ ಮಾತು ನಡೆಯಲ್ಲ ಅಂತ ಮಾತ್ರ ಕರಾರು. ಫ್ರಾಸ್ಟ್‌ನ ತಂಡ ಟೇಪುಗಳ ಅಕ್ಷರ ಪ್ರತಿಗಳನ್ನು ತಿಂಗಳುಗಟ್ಟಲೆ ಓದಿ ಸಿದ್ಧವಾಗಿತ್ತು. ಹೀಗೆ ಬಿಟ್ಟುಕೊಟ್ಟ ಜಾಗದಲ್ಲೇ ನಿಕ್ಸನ್ ಸಿಕ್ಕಿಕೊಂಡ. ಅಧ್ಯಕ್ಷ ಮಾಡಿದರೆ ಅದು ಕಾನೂನುಬಾಹಿರ ಆಗಲ್ಲ ಅನ್ನುವ ಮಾತು ಅವನ ಬಾಯಿಂದಲೇ ಬಂತು. ಅಮೆರಿಕದ ಜನರನ್ನು ನಿರಾಸೆಗೊಳಿಸಿದೆ ಅನ್ನೋದೂ ಬಂತು. ಯಾರೂ ಅವನ ಮೇಲೆ ಕೂಗಿರಲಿಲ್ಲ.

ಸವುಂದ್ರನ ಮುಂದೆ ಕೋರ್ಟಿನ ಬಾಗಿಲು ತೆರೆದಿತ್ತು, ಒಂದು ವಾರ ಕಾದಿದ್ದರೆ ಸಾಕಿತ್ತು. ನಿಕ್ಸನ್ ಮುಂದೆ ಆ ಬಾಗಿಲನ್ನು ಅಧಿಕಾರವೇ ಮುಚ್ಚಿಬಿಟ್ಟಿತ್ತು, ಉಳಿದದ್ದು ಸ್ಟುಡಿಯೋ ಕುರ್ಚಿ ಒಂದೇ. ಯಾವ ಸಂದರ್ಶನವಾದರೂ ಸರಿ, ನಾನು ಈಗ ಮೊದಲು ಇದನ್ನೇ ನೋಡೋದು. ಇವನನ್ನು ಕೇಳಲು ಬೇರೆ ಜಾಗ ಇದೆಯಾ, ಇದ್ದರೆ ಆ ಜಾಗದ ಕೆಲಸವನ್ನು ಇವರು ಕೆಡಿಸ್ತಿದ್ದಾರಾ? ಈ ಲೆಕ್ಕದಲ್ಲಿ 1997ರ ಮೇ 13ರಂದು ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಮಾಜಿ ಗೃಹಮಂತ್ರಿ ಮೈಕೆಲ್ ಹೋವರ್ಡ್‌ಗೆ ಒಂದೇ ಪ್ರಶ್ನೆಯನ್ನು ಹನ್ನೆರಡು ಸಲ ಕೇಳಿದ್ದು ನನಗೆ ಅನ್ಯಾಯ ಅನ್ನಿಸಲ್ಲ. ಜೈಲು ಇಲಾಖೆಯ ಮುಖ್ಯಸ್ಥನ ಮಾತನ್ನು ತಳ್ಳಿಹಾಕುತ್ತೇನೆ ಅಂತ ಬೆದರಿಸಿದಿರಾ ಅನ್ನೋದು ಪ್ರಶ್ನೆ. ಹೌದು ಅಥವಾ ಇಲ್ಲ ಅಂದರೆ ಮುಗೀತಿತ್ತು. ಹೋವರ್ಡ್ ಪಳಗಿದ ವಕೀಲ, ಪಾರ್ಟಿಯ ನಾಯಕನಾಗಲು ಹೊರಟವನು, ಮಾರನೇ ದಿನ ಬೇಕಾದ ಪೇಪರಿಗೆ ಹೇಳಿಕೆ ಕೊಡಬಲ್ಲವನು. (ಮುಂದಿನ ಐಟಂ ಇನ್ನೂ ತಯಾರಾಗಿರಲಿಲ್ಲ, ಹೊತ್ತು ತಳ್ಳಬೇಕಿತ್ತು, ಅದಕ್ಕೇ ಅಷ್ಟು ಸಲ ಕೇಳಿದೆ ಅಂತ ಪ್ಯಾಕ್ಸ್‌ಮನ್ ಆಮೇಲೆ ಹೇಳಿಕೊಂಡ. ಇತಿಹಾಸ ಹೀಗೂ ಆಗುತ್ತೆ.) ಹೋವರ್ಡ್ 2003ರಲ್ಲಿ ಪಾರ್ಟಿಯ ನಾಯಕನೂ ಆದ. ನಮ್ಮೂರ ಏಜೆಂಟಿಗೆ ಎರಡನೇ ಸಲ ಯಾರೂ ಮೈಕು ಹಿಡಿಯಲಿಲ್ಲ.

ಈಗ ನಮ್ಮ ದೇಶದ ಕಡೆ ಬರೋಣ. ನಮ್ಮಲ್ಲೂ ನ್ಯಾಯಾಂಗ ನಿಂದನೆ ಕಾಯ್ದೆ ಇದೆ, 1971ರದು. ಅದರ 3ನೇ ಸೆಕ್ಷನ್ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕ್ರಿಮಿನಲ್ ಕೇಸು 'ಬಾಕಿ ಇದೆ' ಅಂತ ನಮ್ಮ ಕಾಯ್ದೆ ಲೆಕ್ಕ ಹಾಕೋದು ಬಂಧನದಿಂದಲ್ಲ. ಚಾರ್ಜ್‌ಶೀಟ್ ಹಾಕಿದಾಗಿನಿಂದ, ಇಲ್ಲವೇ ಕೋರ್ಟು ಸಮನ್ಸೋ ವಾರಂಟೋ ಕಳಿಸಿದಾಗಿನಿಂದ. ಬಂಧನಕ್ಕೂ ಚಾರ್ಜ್‌ಶೀಟಿಗೂ ಮಧ್ಯೆ ಎಷ್ಟು ದಿನ? 60 ಅಥವಾ 90 ದಿನದಲ್ಲಿ ಹಾಕದಿದ್ದರೆ ಒಳಗಿರುವ ಆರೋಪಿಗೆ ಜಾಮೀನಿನ ಹಕ್ಕು ಬರುತ್ತೆ, ಅಷ್ಟೇ. ಚಾರ್ಜ್‌ಶೀಟ್ ಅದಕ್ಕಿಂತ ತಡವಾಗಿಯೂ ಬರಬಹುದು. ಟಿ.ವಿ.ಯವರ ಹಬ್ಬ ನಡೆಯೋದು ಸರಿಯಾಗಿ ಆ ಸಂದಿನಲ್ಲಿ. ಎಫ್‌ಐಆರ್ ಆದ ಸಂಜೆಯೇ ಸ್ಟುಡಿಯೋದಲ್ಲಿ ಪಟಾಕಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂತಾರಲ್ಲ, ಕಟ್ಟುವುದಷ್ಟೇ ಅಲ್ಲ, ಕರುವಿಗೆ ನಾಮಕರಣವನ್ನೂ ಮಾಡಿರುತ್ತಾರೆ. ಬ್ರಿಟನ್ನಿನಲ್ಲಿ ಯಾವ ದಿನಗಳಿಗೆ ಬೇಲಿ ಹಾಕಿದರೋ ಅದೇ ದಿನಗಳಿಗೆ ನಮ್ಮ ಕಾಯ್ದೆಯಲ್ಲಿ ಬೇಲಿ ಇಲ್ಲ.

ಇದನ್ನು ಯಾರೂ ಗಮನಿಸಿಲ್ಲ ಅಂತಲ್ಲ. ಕಾನೂನು ಆಯೋಗ 2006ರಲ್ಲಿ ಕೊಟ್ಟ 200ನೇ ವರದಿಯ ವಿಷಯವೇ ಮಾಧ್ಯಮ ವಿಚಾರಣೆ. ಗೆರೆಯನ್ನು ಚಾರ್ಜ್‌ಶೀಟಿನಿಂದ ಬಂಧನಕ್ಕೆ ಹಿಂದೆ ಸರಿಸಿ ಅಂತ ಅದು ಶಿಫಾರಸು ಮಾಡಿತು. ಕಾಯ್ದೆ ಬದಲಾಗಲಿಲ್ಲ. ನಟ ಸುಶಾಂತ್ ಸಿಂಗ್ ರಜಪೂತ್ ಸತ್ತಮೇಲೆ ಚಾನೆಲ್ಲುಗಳು ಮಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದರ ಬಗ್ಗೆ 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟು, ತನಿಖೆಯ ಹಂತದಲ್ಲಿ ನಡೆಸುವ ಮಾಧ್ಯಮ ವಿಚಾರಣೆಯೂ ನ್ಯಾಯದಾನಕ್ಕೆ ಅಡ್ಡಿಯಾಗುತ್ತೆ ಅಂದಿತು. ಆ ತೀರ್ಪು ಬಂದ ಸಂಜೆ ಒಂಬತ್ತು ಗಂಟೆಗೆ ನಾನು ರಿಮೋಟ್ ಒತ್ತಿದೆ. ಒಂದು ಚಾನೆಲ್ಲಿನಲ್ಲಿ ಎಂಟು ಜನ ಎಂಟು ಕಿಟಕಿಯಲ್ಲಿ ಕೂಗಾಡುತ್ತಿದ್ದರು, ಬೇರೆ ಯಾವುದೋ ಕೇಸು.

ನಮ್ಮೂರ ಕೇಸು ಕೋರ್ಟಿಗೆ ಬಂದದ್ದು ಮೂರು ವರ್ಷದ ಮೇಲೆ. ಅಷ್ಟರಲ್ಲಿ ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಚಿಕ್ಕಮ್ಮ ಸಾಕ್ಷಿ ಹೇಳುವ ದಿನ ರಜೆ ಹಾಕಿ ನಾನೇ ಕರೆದುಕೊಂಡು ಹೋದೆ. ಬೆಳಿಗ್ಗೆಯಿಂದ ಅವಳು ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಹೇಳಿದಳು. ತಿಂಗಳಿಗೆ ಎಷ್ಟು, ಎಷ್ಟು ತಿಂಗಳು, ಒಟ್ಟು 18,600. ಆಮೇಲೆ ಕಂಪನಿ ಕಡೆಯ ವಕೀಲರು ಎದ್ದರು. ಅವರ ಕೈಯಲ್ಲಿ ಒಂದು ಸಿ.ಡಿ. ಇತ್ತು.

"ಟಿ.ವಿ.ಯಲ್ಲಿ ನೀವು ಐವತ್ತು ಸಾವಿರ ಅಂದಿದ್ದೀರಲ್ಲಮ್ಮ. ಇಡೀ ಕರ್ನಾಟಕದ ಮುಂದೆ. ಅದು ಸುಳ್ಳೋ, ಇದು ಸುಳ್ಳೋ?"

ಹಿಂದೆ ಆಡಿದ ಮಾತನ್ನು ಮುಂದಿಟ್ಟು ಸಾಕ್ಷಿಯನ್ನು ಕೇಳೋದು ಅವರ ಹಕ್ಕು, ತಪ್ಪೇನಿಲ್ಲ. ಚಿಕ್ಕಮ್ಮ ನನ್ನ ಕಡೆ ನೋಡಿದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ನೆಲ ನೋಡಿದೆ.

"ಅವರು ಜೋರಾಗಿ ಹೇಳು ಅಂದ್ರು ಸ್ವಾಮಿ," ಅಂದಳು.

ಯಾರೋ ನಕ್ಕರು. ಜಡ್ಜು ಸಾಹೇಬರು ನಗಲಿಲ್ಲ. ಸಾಕ್ಷಿ ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ ಅಂದರು. ಟೈಪಿಸ್ಟು ಟೈಪು ಮಾಡಿಕೊಂಡ. ಮುಂದಿನ ಸಾಕ್ಷಿ ನಮ್ಮ ಪಕ್ಕದ ಮನೆಯವರು, ವ್ಯಾನಿನಲ್ಲಿ ಅವರೂ ಹೋಗಿದ್ದರು.